ನಮ್ಮ ಜಗಲಿಯಲ್ಲಿ ಮುಳುಗಿದ ಅಮೆರಿಕ

ನಮ್ಮ ಮನೆಯ ಜಗಲಿಯ ಮೇಲೆ ವಾರಕ್ಕೊಂದು ಸಲವಾದರೂ ಅಮೆರಿಕ ಮುಳುಗುತ್ತದೆ. ಮುಂದಿನ ವಾರ ಅದೇ ಜಾಗದಲ್ಲಿ ಚೀನಾ ಮುಳುಗುತ್ತದೆ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಕೆರಗೋಡಿನ ಪಕ್ಕದ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗಿನಿಂದ ಇದು ನಡೆದೇ ಇದೆ. ಈ ಮಧ್ಯೆ ರಷ್ಯಾ ಒಂದು ಮಾತ್ರ ನಿಜವಾಗಿ ಮುಳುಗಿತು. ಆದರೆ ಅದನ್ನು ಜಗಲಿಯಲ್ಲಿ ಯಾರೂ ಹೇಳಿರಲಿಲ್ಲ.

ಈ ವರ್ಷ ಮಾತ್ರ ಅಮೆರಿಕ ಮುಳುಗುವ ಭರದಲ್ಲಿ ನನ್ನ ಮೊಮ್ಮಗಳ ಮದುವೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಹೇಗೆ ಅಂತ ಕ್ರಮವಾಗಿ ಹೇಳುತ್ತೇನೆ. ನನ್ನ ಹತ್ತಿರ ದಾಖಲೆ ಇದೆ.

೧. ಯಾವ ದಸರಾ?

ನಾನು ಮಂಡ್ಯದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿದವಳು. ನಮ್ಮ ಬೀದಿಗೆ ಬಂದ ಮೊದಲ ಪದವೀಧರ ಸೊಸೆ. ಇದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ, ಗೊತ್ತಿಲ್ಲದವರಿಗೆ ಮಾತ್ರ ಹೇಳುತ್ತೇನೆ.

ನಮ್ಮ ಯಜಮಾನರು ಕಬ್ಬು ಬತ್ತ ಬೆಳೆಯುವವರು. ಪೇಪರನ್ನು ಮಾತ್ರ ಪೂರ್ತಿ ಓದುತ್ತಾರೆ. ಒಂದು ದಿನ "ಇನ್ನೈದು ವರ್ಸ ಕಣೇ, ಡಾಲರ್‌ನ ನಾಯಿನೂ ಮೂಸಾಕಿಲ್ಲ" ಅಂದರು. ಐದು ವರ್ಷ ಕಳೆದ ಮೇಲೆ ನೆನಪಿಸಿದೆ. "ನಾನೆಲ್ಲಂದೆ? ನೀನೇ ಅಂದಿರಬೇಕು" ಅಂದರು.

ಮಾರನೆಯ ದಿನವೇ ಮಂಡ್ಯದಿಂದ ಉದ್ದನೆಯ ರಟ್ಟಿನ ಪುಸ್ತಕ ತರಿಸಿದೆ. ಗೆರೆ ಎಳೆದು ಕಾಲಂ ಮಾಡಿದೆ: ದಿನಾಂಕ, ಹೇಳಿದವರು, ಹೇಳಿದ್ದು, ಎಷ್ಟು ದಿನದಲ್ಲಿ ಆಗುತ್ತದೆ, ಸಹಿ. ಜಗಲಿಯ ಮೇಲೆ ಭವಿಷ್ಯ ನುಡಿದವರು ಯಾರೇ ಆಗಲಿ ಸಹಿ ಹಾಕಬೇಕು. ಈ ನಿಯಮ ನನಗೂ ಅನ್ವಯ.

ಆಗ ನಮ್ಮೂರಿಗೆ ಮಳವಳ್ಳಿ ಕಡೆಯ ಕೃಷಿ ಅಧಿಕಾರಿಯೊಬ್ಬರು ವರ್ಗವಾಗಿ ಬಂದಿದ್ದರು. ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಬತ್ತದ ರೋಗ ನೋಡಲು ಬಂದವರು ನಮ್ಮ ಜಗಲಿಯಲ್ಲಿ ಕೂತು ಪ್ರಪಂಚದ ರೋಗ ನೋಡುತ್ತಿದ್ದರು. "ದಸರಾ ಹೊತ್ತಿಗೆ ಚೀನಾ ಅಮೆರಿಕವನ್ನು ಹಿಂದೆ ಹಾಕುತ್ತೆ. ಬರೆದಿಟ್ಟುಕೊಳ್ಳಿ" ಅಂದರು.

ಬರೆದೆ. ಪೆನ್ನು ಮುಂದೆ ಹಿಡಿದೆ.

ಸಾಹೇಬರು ಪೆನ್ನು ತೆಗೆದುಕೊಂಡರು. "ಯಾವ ದಸರಾ ಅಂತ ನಾನು ಹೇಳಿಲ್ಲ. ಅದನ್ನೂ ಬರೆದುಕೊಳ್ಳಿ" ಅಂದು ಸಹಿ ಹಾಕಿದರು.

ಎದುರಿಗೆ ಒಬ್ಬರು ಚೀನಾ ಅಂದ ಮೇಲೆ ನಮ್ಮ ಯಜಮಾನರು ಸುಮ್ಮನಿರುತ್ತಾರೆಯೇ? "ಅಮೆರಿಕ ಅಲ್ಲಾಡಾಕಿಲ್ಲ" ಅಂತ ಕೆಳಗಿನ ಸಾಲಿನಲ್ಲಿ ಅವರೂ ಗೀಚಿದರು. ಎಷ್ಟು ದಿನದಲ್ಲಿ ಅನ್ನುವ ಕಾಲಂನಲ್ಲಿ "ಯಾವತ್ತೂ" ಅಂತ ಹಾಕಿಸಿದರು. ಪರಿಶೀಲನೆಗೆ ನಾನು ಎಷ್ಟು ವರ್ಷ ಬದುಕಬೇಕು ಅಂತ ಇಬ್ಬರೂ ಯೋಚಿಸಲಿಲ್ಲ.

೨. ಮುಯ್ಯಾಳು

ನಮ್ಮ ಹಿಂದಿನ ಮನೆಯಾಕೆ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನಾಟಿಗೆ ನಿಂತರೆ ನಾಲ್ಕು ಆಳಿಗೆ ಸಮ. ಒಂದು ಬೆಳಿಗ್ಗೆ ಮಜ್ಜಿಗೆಗೆ ಬಂದವಳು ಜಗಲಿಯಲ್ಲಿ ನಿಂತು ಕೇಳುತ್ತಿದ್ದಳು. ಯಜಮಾನರು ಅಮೆರಿಕ ಕಟ್ಟಿಕೊಂಡಿರುವ ದೇಶಗಳ ಕೂಟದ ವಿಷಯ ವಿವರಿಸುತ್ತಿದ್ದರು. "ಒಬ್ಬರ ಮ್ಯಾಲೆ ಯಾರಾರ ಬಿದ್ರೆ ಎಲ್ರೂ ಬಂದು ನಿಂತ್ಕತ್ತಾರೆ. ಅಂಗಂತ ಬರ್ಕೊಂಡವ್ರೆ. ಮುವ್ವತ್ತು ದೇಸ."

"ಓ, ಮುಯ್ಯಾಳು" ಅಂದಳು ಆಕೆ.

ಯಜಮಾನರಿಗೆ ಅವಮಾನವಾಯಿತು. "ಮುಯ್ಯಾಳಲ್ಲ ಕಣಮ್ಮಿ. ಇದು ಮಿಲಿಟರಿ."

"ಒಂದೇಯ ಬುಡಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನಮ್ಮ ಗದ್ದೆ ನಾಟಿ ದಿವ್ಸ ಯಾರ್ಯಾರಿಗೆ ಜ್ವರ ಬತ್ತದೆ ಅಂತ ಮೊದ್ಲು ನೋಡ್ಬೇಕು. ಬಂದೋರಲ್ಲೂ ಉಂಡ್ಮೇಲೆ ಎಷ್ಟು ಜನ ಗದ್ದೇಲಿ ನಿಂತವ್ರೆ ಅಂತ ಎಣಿಸ್ಬೇಕು. ಆಮ್ಯಾಕೆ ಯೋಳಿ, ಮುವ್ವತ್ತೋ ಮೂರೋ."

ಮೂರು ವರ್ಷ ನಾನು ರಾಜ್ಯಶಾಸ್ತ್ರ ಓದಿದ್ದೆ. ಈ ಅಧ್ಯಾಯವನ್ನು ಇಷ್ಟು ಚೆನ್ನಾಗಿ ಯಾವ ಮೇಷ್ಟರೂ ಹೇಳಿರಲಿಲ್ಲ. ಪುಸ್ತಕ ತಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಆಕೆ ಬೆರಳು ಒರೆಸಿಕೊಳ್ಳುತ್ತ, "ಇದಕ್ಕೂ ರುಜು ಬೇಕೇನಮ್ಮ? ಇದು ಭವಿಷ್ಯ ಅಲ್ಲ, ಓದ ವರ್ಸ ಆಗಿದ್ದು. ನಿಮ್ಮನೆಯೋರಿಗೇ ಜ್ವರ ಬಂದಿದ್ದು" ಅಂದಳು.

೩. ಹನ್ನೆರಡು ಪುಟ

ಸಾಹೇಬರು ವರ್ಗವಾಗಿ ಹೋದರು, ಆಮೇಲೆ ರಿಟೈರ್ ಆಗಿ ಮಳವಳ್ಳಿಯಲ್ಲಿ ಮನೆ ಕಟ್ಟಿದರು. ನಾವು ಅವರನ್ನು ಮರೆತೇ ಬಿಟ್ಟಿದ್ದೆವು. ಈಚೆಗೆ ಮದ್ದೂರಿನ ಒಂದೇ ಶಾಲೆಯಲ್ಲಿ ಪಾಠ ಮಾಡುವ ನನ್ನ ಮೊಮ್ಮಗಳೂ ಒಬ್ಬ ಹುಡುಗನೂ ಒಬ್ಬರನ್ನೊಬ್ಬರು ಒಪ್ಪಿಕೊಂಡರು. ವಿಚಾರಿಸಿದರೆ ಹುಡುಗ ನಮ್ಮ ಸಾಹೇಬರ ಮೊಮ್ಮಗನೇ. ಎರಡೂ ಮನೆಗೆ ಸಂತೋಷವಾಯಿತು.

ಸಾಹೇಬರ ಹೆಂಡತಿ ಮಳವಳ್ಳಿಯಲ್ಲಿ ಹೆಂಗಸರ ಸಂಘ ನಡೆಸುತ್ತಾರೆ. ಹೊಸ ಬೀಗಿತ್ತಿ ಬಿ.ಎ. ಅಂತ ತಿಳಿದು ಭಾಷಣಕ್ಕೆ ಕರೆದರು. "ಮುಂದಿನ ಪ್ರಪಂಚದಲ್ಲಿ ಯಾರು ಬಲಶಾಲಿ?" ಅನ್ನುವ ವಿಷಯ ಆರಿಸಿಕೊಂಡು ಹನ್ನೆರಡು ಪುಟ ಬರೆದೆ. ಬಸ್ಸಿನಲ್ಲಿ ಮದ್ದೂರು ದಾಟುವವರೆಗೆ ಬಾಯಿಪಾಠ ಮಾಡಿದೆ. ಅಮೆರಿಕ, ಚೀನಾ, ನಮ್ಮ ದೇಶ, ಮೂರನ್ನೂ ತೂಗಿ ನೋಡಿದೆ. ಸೈನ್ಯ, ವ್ಯಾಪಾರ, ಜನಸಂಖ್ಯೆ, ಒಂದನ್ನೂ ಬಿಡಲಿಲ್ಲ. ಚಪ್ಪಾಳೆ ಬಂತು. "ಪ್ರಶ್ನೆ ಇದ್ದರೆ ಕೇಳಿ" ಅಂದೆ. ಅದೇ ತಪ್ಪಾಯಿತು.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. "ಚೆಂದಾಗಿ ಯೋಳುದ್ರಿ ಕಣವ್ವ. ಆ ಮೂರ್ರಲ್ಲಿ ಯಾವುದು ಗೆದ್ರೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಅಗಲೊತ್ತು ಬತ್ತದೆ?"

ಹನ್ನೆರಡು ಪುಟವನ್ನೂ ತಿರುವಿ ಹಾಕಿದೆ. ಇರಲಿಲ್ಲ.

೪. ತಟ್ಟೆ

ಕಳೆದ ತಿಂಗಳು ನಮ್ಮ ಮನೆಯಲ್ಲಿ ವೀಳ್ಯಶಾಸ್ತ್ರ. ಎರಡು ಕಡೆಯ ಹಿರಿಯರು ವೀಳ್ಯದೆಲೆ ಅಡಿಕೆ ತೆಂಗಿನಕಾಯಿ ಇಟ್ಟ ತಟ್ಟೆಯನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡರೆ ಮದುವೆ ನಿಶ್ಚಯ. ನಮ್ಮ ಕಡೆ ಯಜಮಾನರು, ಅವರ ಕಡೆ ಸಾಹೇಬರು. ಎದುರುಬದುರು ಜಮಖಾನದ ಮೇಲೆ ಕೂತರು. ಪುರೋಹಿತರು ಬರಲು ಹತ್ತು ನಿಮಿಷ ತಡವಾಯಿತು. ಇಬ್ಬರನ್ನು ಸುಮ್ಮನೆ ಕೂರಿಸಿದ್ದೇ ತಪ್ಪು.

"ಇನ್ನಿಪ್ಪತ್ತು ವರ್ಸಕ್ಕೆ ಅಮೆರಿಕ ಚೀನಾದ ಮುಂದೆ ಕೈಕಟ್ಕೊಂಡು ನಿಲ್ತದೆ" ಅಂದರು ಯಜಮಾನರು.

"ಅಸಾಧ್ಯ. ಚೀನಾದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ. ಅದು ಮುದುಕರ ದೇಶ. ಮುದುಕರು ಏನು ಕಿಸೀತಾರೆ?" ಅಂದರು ಸಾಹೇಬರು.

ಯಜಮಾನರಿಗೆ ಎಪ್ಪತ್ತಮೂರು. ಮಾತು ಚೀನಾವನ್ನು ಬಿಟ್ಟು ಅವರಿಗೇ ತಾಗಿತು. "ಯಾರಿಗಂದ್ರಿ ಅದು?"

"ಚೀನಾಗೆ."

"ನನ್ನ ಮಕ ನೋಡ್ಕೊಂಡು ಅಂದ್ರಿ."

ಪುರೋಹಿತರು ಬಂದರು, ಮಂತ್ರ ಹೇಳಿದರು, "ತಟ್ಟೆ ಬದಲಾಯಿಸಿಕೊಳ್ಳಿ" ಅಂದರು. ಇಬ್ಬರೂ ತಟ್ಟೆಯನ್ನು ಎದೆಗವಚಿಕೊಂಡು ಕೂತರು. ಮೊದಲು ಕೈ ಚಾಚಿದವರು ಸೋತ ಹಾಗೆ. "ಅವರು ಮೊದ್ಲು ಚೀನಾ ಅಂತ ಒಪ್ಕಳ್ಳಿ" ಅಂದರು ಇವರು. "ಅಮೆರಿಕ ಅಂದರೆ ಈಗಲೇ ಕೊಡ್ತೀನಿ" ಅಂದರು ಅವರು.

ಪುರೋಹಿತರು ಗಡಿಯಾರ ನೋಡಿದರು. "ರಾಹುಕಾಲಕ್ಕೆ ಹದಿನೈದು ನಿಮಿಷ ಇದೆ. ಯಾವ ದೇಶವಾದರೂ ಆಗಬಹುದು, ಬೇಗ ತೀರ್ಮಾನ ಮಾಡಿ."

ಬಾಗಿಲ ಹಿಂದೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಮೊಮ್ಮಗಳು ನನ್ನ ಸೆರಗು ಹಿಡಿದಳು. "ಅಜ್ಜಿ, ಇವರು ಎದ್ದು ಹೋಗ್ತಾರೆ. ಏನಾದರೂ ಮಾಡು."

ನಾನು ಒಳಗೆ ಹೋಗಿ ಬೀರುವಿನಿಂದ ಪುಸ್ತಕ ತಂದೆ. ಎಲ್ಲರ ಎದುರಿಗೆ ನಿಂತು, ನಮ್ಮ ಕಾಲೇಜಿನಲ್ಲಿ ಓದುತ್ತಿದ್ದ ಹಾಗೆಯೇ ಗಟ್ಟಿಯಾಗಿ ಓದಿದೆ: ದಸರಾ ಹೊತ್ತಿಗೆ ಚೀನಾ ಮುಂದು, ಸಹಿ ಸಾಹೇಬರದು. ಅಮೆರಿಕ ಯಾವತ್ತೂ ಅಲ್ಲಾಡುವುದಿಲ್ಲ, ಸಹಿ ಯಜಮಾನರದು.

ಹಿಂದಿನ ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡಳು.

ಸಾಹೇಬರು ಪುಸ್ತಕ ಇಸಿದುಕೊಂಡು ಕನ್ನಡಕ ಏರಿಸಿದರು. "ಇದು ನನ್ನ ಸಹಿ ಅಲ್ಲ."

"ಅಲ್ಲವೇ ಅಲ್ಲ" ಅಂದರು ನಮ್ಮ ಯಜಮಾನರು. "ಸಾಯೇಬ್ರ ರುಜು ನಾನು ಕಂಡಿಲ್ವ? ಇದು ಅವರ್ದಲ್ಲ."

"ಇದು ನಿಮ್ಮದೂ ಅಲ್ಲ ಬಿಡಿ" ಅಂದರು ಸಾಹೇಬರು. "ನಿಮ್ಮದು ಇಷ್ಟು ಸೊಟ್ಟ ಇಲ್ಲ."

"ಎಣ್ಣೈಕ್ಳ ಕೈಗೆ ಪುಸ್ತಕ ಸಿಕ್ಕಿದ್ರೆ ಇಂಗೇ ಕಣ್ರೀ."

"ಹೌದು ಹೌದು. ತಗೊಳ್ಳಿ ಬೀಗರೇ ತಟ್ಟೆ."

ಇಬ್ಬರೂ ಒಟ್ಟಿಗೇ ಕೈ ಚಾಚಿದರು. ರಾಹುಕಾಲಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಹಿಂದಿನ ಮನೆಯಾಕೆ ನನ್ನ ಕಿವಿಯಲ್ಲಿ, "ಇಬ್ರೂ ನಿಮ್ಮ ಮ್ಯಾಲೆ ಒಂದಾದ್ರು ಕಣಮ್ಮ" ಅಂದಳು. ಆಗಲಿ ಅಂದೆ. ಎರಡು ದೊಡ್ಡ ದೇಶ ಒಂದಾಗಲು ಒಬ್ಬ ಶತ್ರು ಬೇಕು, ಮೊಮ್ಮಗಳಿಗಾಗಿ ನಾನೇ ಆದೆ.

ಊಟವಾದ ಮೇಲೆ ಇಬ್ಬರೂ ಸೇರಿ ಒಂದು ಷರತ್ತು ಹಾಕಿದರು. ಮದುವೆ ಸುಸೂತ್ರವಾಗಿ ಆಗಬೇಕಾದರೆ ಆ ಪುಸ್ತಕ ನಮ್ಮ ಮನೆಯಲ್ಲಿ ಇರಕೂಡದು. ಸಾಹೇಬರು ಅದನ್ನು ಮಳವಳ್ಳಿಗೆ ಕೊಂಡೊಯ್ಯುತ್ತಾರೆ. ನಾನು ತಕರಾರು ಮಾಡದೆ ಕೊಟ್ಟೆ. ಅದರಲ್ಲಿ ಏನೇನಿದೆ ಅಂತ ಒಂದು ಸಲ ತಿರುವಿ ನೋಡಿ ಕೊಡಬೇಕಾಗಿತ್ತು.

ಮೂರನೆಯ ದಿನ ಸಾಹೇಬರ ಫೋನು ಬಂತು.

"ಬೀಗಿತ್ತಿಯವರೇ, ಪುಟ ನಲವತ್ತೊಂದು ನೋಡ್ತಾ ಇದ್ದೀನಿ. ಓದಲಾ?"

ನಾನು ಓದಿ ಅನ್ನುವ ಮೊದಲೇ ಓದಿದರು. "ಈ ಸಾಹೇಬರು ಇವತ್ತು ಮಧ್ಯಾಹ್ನದಿಂದ ಎದ್ದಿಲ್ಲ. ಮುಂದೆ ಇವರ ಮನೆಗೆ ಹೆಣ್ಣು ಕೊಡುವ ಬೀಗರಿಗೆ ಕಿವಿ ಉಳಿಯುವುದಿಲ್ಲ." ಓದು ನಿಲ್ಲಿಸಿ ಅಂದರು: "ಕೆಳಗೆ ಸಹಿ ಇದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪಕ್ಕದಲ್ಲಿ ಬಿ.ಎ. ಅಂತಲೂ ಇದೆ."

ಸುತ್ತ ಹತ್ತು ಹಳ್ಳಿಯಲ್ಲಿ ಬಿ.ಎ. ಅಂತ ಸೇರಿಸಿ ಸಹಿ ಹಾಕುವವಳು ನಾನೊಬ್ಬಳೇ. ಪಕ್ಕದಲ್ಲಿ ಮೊಮ್ಮಗಳು ಲಗ್ನಪತ್ರಿಕೆಗೆ ಅರಿಸಿನ ಹಚ್ಚುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದೆ: "ಅದು ನನ್ನ ಸಹಿ ಅಲ್ಲ."