ನೂರು ವರ್ಷ ಹಿಂದಿನ ಬೇಕರಿಯವನಿಗೆ ಯಾವ ಊರು?

ನನ್ನ ಭಾವ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ಹತ್ತುವ ಮೊದಲು ಅದರ ಅಡಿಗೆ ಬಗ್ಗಿ ನೋಡುವ ಜನ. ಒಳಗೆ ಯಾರಾದರೂ ಕುಳಿತು ಮುಳ್ಳು ತಿರುಗಿಸುತ್ತಿರಬಹುದಲ್ಲ! ಮದುವೆಯ ದಿನ ಅಂತರಪಟ ಸರಿದಾಗ ಎದುರಿಗೆ ನಿಂತಿದ್ದ ನನ್ನ ಅಕ್ಕನನ್ನು ಚೆನ್ನಾಗಿ ನೋಡಿ, ಪುರೋಹಿತರ ಕಿವಿಯಲ್ಲಿ, “ನಾವು ನೋಡಿ ಬಂದ ಹುಡುಗಿ ಇವಳೇ ಹೌದಾ?” ಎಂದು ಕೇಳಿದರಂತೆ. ಅಕ್ಕ ಆ ಮಾತನ್ನು ಇನ್ನೂ ಮರೆತಿಲ್ಲ. ಭಾವನಿಗೂ ಆ ಸಂಶಯ ಇನ್ನೂ ಪೂರ್ತಿ ಪರಿಹಾರವಾದಂತಿಲ್ಲ.

ತಪ್ಪು ಅವರದಲ್ಲ, ಕೆಲಸದ್ದು. ಉಡುಪಿಯಿಂದ ಬಂದು ಕಲ್ಯಾಣ್ ಸ್ಟೇಷನ್ ಹತ್ತಿರದ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲೇ ಆಯುಷ್ಯ ಕಳೆದವರು. ಗಲ್ಲಾದಲ್ಲಿ ಕುಳಿತವನಿಗೆ ಕೈ ತೊಳೆಯಲು ಎದ್ದ ಗಿರಾಕಿಯೆಲ್ಲ ಬಾಗಿಲ ಕಡೆಗೇ ಹೊರಟಂತೆ ಕಾಣುತ್ತದೆ. ನಿವೃತ್ತರಾಗಿ ಠಾಕುರ್ಲಿಯ ಫ್ಲ್ಯಾಟಿನಲ್ಲಿ ಕುಳಿತರೂ ಆ ಕಣ್ಣು ಮಾತ್ರ ನಿವೃತ್ತವಾಗಲಿಲ್ಲ.

ಮನುಷ್ಯನನ್ನು ನಂಬಲು ಅವರ ಬಳಿ ಇರುವುದು ಒಂದೇ ಪರೀಕ್ಷೆ. ಯಾವ ಊರು? ಯಾವ ಹೋಟೆಲ್? ಯಾರ ಮನೆಯವರು? ನಮ್ಮ ಕರಾವಳಿಯವರು ಈ ಕಡೆ ಎಲ್ಲಿ ಸಿಕ್ಕರೂ ಕೇಳುವುದು ಇದನ್ನೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ದೊಡ್ಡಪ್ಪ ಸಿಕ್ಕೇ ಸಿಗುತ್ತಾನೆ. ಬೇರೆಯವರಿಗೆ ಇದು ಕುಶಲ ಕೇಳುವ ರೀತಿ, ಭಾವನಿಗೆ ಮಾತ್ರ ತನಿಖೆ. ಒಮ್ಮೆ ಡೊಂಬಿವಲಿಯ ಡಾಕ್ಟರರು ಸೂಜಿ ಹಿಡಿದು ನಿಂತಿದ್ದರೂ ಭಾವ ಅಂಗಿಯ ತೋಳು ಮಡಚಲಿಲ್ಲ. ಡಾಕ್ಟರರ ಊರು ಕಾರ್ಕಳದ ಹತ್ತಿರ, ಅವರ ಸೋದರಮಾವ ವಿಠ್ಠಲವಾಡಿಯಲ್ಲಿ ಹೋಟೆಲ್ ಇಟ್ಟಿದ್ದವರು ಎಂಬುದು ಹೊರಬಿದ್ದ ಮೇಲೆಯೇ ತೋಳು ಮುಂದೆ ಬಂತು. “ಅವರ ಸಾಂಬಾರಿಗೆ ಸ್ವಲ್ಪ ಬೆಲ್ಲ ಜಾಸ್ತಿ ಇತ್ತು” ಎಂದು ಹೇಳಿಯೇ ಚುಚ್ಚಿಸಿಕೊಂಡರು.

ಇಂಥವರು ಕಳೆದ ಡಿಸೆಂಬರಿನಲ್ಲಿ ಒಂದು ಪ್ರೇಮದ ಸಿನಿಮಾಕ್ಕೆ ಬಿದ್ದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬಲಿಲ್ಲ. ಅಕ್ಕನೇ ಫೋನ್ ಮಾಡಿದಳು.

“ನಿನ್ನ ಭಾವನಿಗೆ ಎಂತದೋ ಆಗಿದೆ ಮಾರಾಯ. ನಿನ್ನೆಯೂ ಅದೇ ಸಿನಿಮಾ, ಇವತ್ತೂ ಅದೇ. ಈ ಪ್ರಾಯದಲ್ಲಿ ಯಾರ ನೆನಪು ಬರ್ತದೆ ಇವರಿಗೆ? ನೀನೊಮ್ಮೆ ಬಂದು ನೋಡು.”

ಸಂಶಯವೂ ನೆಗಡಿಯ ಹಾಗೆ, ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರಿಗೂ ಬರುತ್ತದೆ. ನನಗೂ ಅಂಟಿಕೊಂಡಿತು. ನಾನಿರುವ ಡೊಂಬಿವಲಿಯಿಂದ ಠಾಕುರ್ಲಿಗೆ ಒಂದೇ ಸ್ಟೇಷನ್ ತಾನೇ, ಹೊರಟೆ.

ಅದು ಟಿವಿಗಾಗಿಯೇ ಮಾಡಿದ ಕ್ರಿಸ್‌ಮಸ್ ಸಿನಿಮಾ, ಹಿಂದಿಗೆ ಡಬ್ ಆದದ್ದು. ಹಿಮ ಬೀಳುವ ಪುಟ್ಟ ಊರು. ಅಲ್ಲಿ ಅಜ್ಜಿಯ ಕಾಲದ ಬೇಕರಿ ನಡೆಸುವ ಒಬ್ಬ ಹುಡುಗಿ. ಒಂದು ಬೆಳಿಗ್ಗೆ ಅವಳು ಒಲೆಯ ಕೋಣೆಯ ಬಾಗಿಲು ತೆರೆದರೆ ಒಳಗೆ ಒಬ್ಬ ಸುಂದರ ಯುವಕ! ನೂರು ವರ್ಷ ಹಿಂದೆ ಅದೇ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು, ಬಾಗಿಲು ದಾಟಿ ಈ ಕಾಲಕ್ಕೆ ಬಂದುಬಿಟ್ಟಿದ್ದಾನೆ. ಮುಂದಿನ ಕಥೆಯನ್ನು ಹೇಳಬೇಕೇ? ಇಬ್ಬರೂ ಹಿಮದಲ್ಲಿ ಜಾರಿ ಬೀಳುತ್ತಾರೆ, ಬೀಳುವಾಗ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ, ಹಿಡಿದ ಕೈ ಬಿಡುವುದನ್ನು ಮರೆಯುತ್ತಾರೆ.

ಭಾವ ಕೈಕಟ್ಟಿ ಕುಳಿತು ಕಳ್ಳನನ್ನು ಕಾಯುವವರಂತೆ ನೋಡುತ್ತಿದ್ದರು.

“ಡೊಂಬಿವಲಿಯಿಂದ ಥಾಣೆಗೆ ಹೋಗ್ಲಿಕ್ಕೆ ನಾವು ರಶ್ಶಿನಲ್ಲಿ ಮೂರು ಲೋಕಲ್ ಗಾಡಿ ಬಿಡ್ಬೇಕು” ಎಂದರು. “ಇವ ಒಂದು ಬಾಗಿಲು ದಾಟಿ ನೂರು ವರ್ಷ ಬಂದ. ಕೈಯಲ್ಲಿ ಒಂದು ಬ್ಯಾಗೂ ಇಲ್ಲ. ಆ ಹುಡುಗಿ ಒಂದು ಮಾತು ಕೇಳದೆ ಇರ್ಲಿಕ್ಕೆ ರೂಮು ಕೊಟ್ಟಳು. ಇದು ನಂಬುವ ವಿಷಯವಾ?”

“ಹಾಗಾದ್ರೆ ಯಾಕೆ ನೋಡುವುದು ಭಾವ?”

“ಎಲ್ಲಿ ಸಿಕ್ಕಿಬೀಳ್ತಾನೆ ಅಂತ ನೋಡ್ತಿದ್ದೇನೆ.”

ಸಿಕ್ಕಿಬೀಳುವವರೇನೋ ಬಹಳ ಜನ ಇದ್ದರು. “ಆ ಕಪ್ಪು ನೋಡು, ಖಾಲಿ” ಎಂದು ಬೆರಳು ತೋರಿಸಿದರು. “ಕಾಫಿ ತುಂಬಿದ ಕಪ್ಪು ಹಿಡ್ಕೊಂಡು ಯಾರೂ ಹಾಗೆ ಕೈ ಬೀಸುವುದಿಲ್ಲ.” ಅಲ್ಲಿಂದ ಮುಂದೆ ನನಗೆ ಪ್ರೇಮ ಕಾಣಲಿಲ್ಲ, ಖಾಲಿ ಕಪ್ಪುಗಳೇ ಕಂಡವು. ಬೇಕರಿ ನಷ್ಟದಲ್ಲಿದೆ ಎಂದು ನಾಯಕಿ ಅತ್ತಾಗ ಭಾವ ಕರಗಲಿಲ್ಲ. “ಇಷ್ಟು ಜನ ತಿಂದರು. ಒಬ್ಬನಾದರೂ ಗಲ್ಲಾದ ಕಡೆ ಬಂದನಾ? ಮುಳುಗದೆ ಎಂತ ಮಾಡ್ತದೆ?”

ಆದರೆ ಆ ಯುವಕ ಹಿಟ್ಟು ನಾದಲು ನಿಂತನೋ, ಭಾವನ ಮುಖವೇ ಬದಲಾಗುತ್ತಿತ್ತು. “ಕೈಯಲ್ಲಿ ಹದ ಉಂಟು ಅವನಿಗೆ” ಎನ್ನುತ್ತಿದ್ದರು, ಮೆಲ್ಲಗೆ. ಪ್ರೇಮದ ದೃಶ್ಯ ಬಂದಾಗ ಪಕ್ಕದ ಮನೆಗೆ ಕೇಳಬಾರದೆಂದು ಟಿವಿಯ ಸದ್ದು ಪೂರ್ತಿ ಇಳಿಸಿ, ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದುಕೊಳ್ಳುತ್ತಿದ್ದರು. ಮನುಷ್ಯ ಸುಖಪಡುತ್ತಿದ್ದಾನೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕೊನೆಯ ಭಾಗದಲ್ಲಿ ಆ ಊರಿನ ಮೇಯರ್ ಎಲ್ಲರೆದುರು ಯುವಕನನ್ನು ನಿಲ್ಲಿಸಿ ಕೇಳುತ್ತಾನೆ: ನೀನು ಯಾರು, ಎಲ್ಲಿಯವನು, ನಿನ್ನನ್ನು ಬಲ್ಲವರು ಇಲ್ಲಿ ಯಾರಿದ್ದಾರೆ? ಯುವಕ ತಲೆತಗ್ಗಿಸಿ ನಿಲ್ಲುತ್ತಾನೆ. ಭಾವ ನೆಟ್ಟಗಾದರು.

“ಎಷ್ಟು ಕೇಳುವುದು ಮಾರಾಯ ಅವನ ಹತ್ರ? ಊರೇ ಹಿಂದೆ ಉಳಿದುಹೋದವ ಎಂತ ಹೇಳ್ಬೇಕು?”

ಅಡುಗೆಮನೆಯಿಂದ ಅಕ್ಕ ತಲೆ ಹೊರಹಾಕಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹೀಗೆ ನೋಡಿಕೊಳ್ಳಲು ಒಂದು ಕಾರಣವಿತ್ತು.

ಅಕ್ಕನ ಮಗಳು ಸ್ನೇಹಾ ಘಣಸೋಲಿಯ ಒಂದು ಆಫೀಸಿನಲ್ಲಿದ್ದಾಳೆ. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮದುವೆಯಾಗುವ ಆಸೆ, ಅಪ್ಪ ಒಪ್ಪದೆ ಆಗುವುದಿಲ್ಲವೆಂಬ ಹಟ, ಎರಡೂ ಅವಳವೇ. ಹುಡುಗ ಅಪ್ಪಟ ಒಳ್ಳೆಯವನು. ನಾನೂ ಅಕ್ಕನೂ ನೋಡಿ ಮೆಚ್ಚಿದ್ದೆವು. ಆದರೆ ಅವನು ಹಸುಳೆಯಾಗಿದ್ದಾಗ ಯಾರೋ ಅನಾಥಾಶ್ರಮದ ಬಾಗಿಲಲ್ಲಿ ಬಿಟ್ಟುಹೋದವನು, ಅಲ್ಲೇ ಬೆಳೆದವನು. ಭಾವನ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅವನ ಬಳಿ ಉತ್ತರವಿಲ್ಲ. “ಮಾಮಾ, ಪಪ್ಪಾ ತೋ ಪೆಹಲೇ ಸವಾಲ್ ಮೇ ಹೀ ಫೇಲ್ ಕರ್ ದೇಂಗೇ” ಎಂದು ಸ್ನೇಹಾ ಅತ್ತಿದ್ದಳು. ಮೊದಲ ಪ್ರಶ್ನೆಯಲ್ಲೇ ಫೇಲ್, ಅದು ನಮಗೂ ಗೊತ್ತಿತ್ತು. ಹಾಗಾಗಿಯೇ ತಿಂಗಳುಗಟ್ಟಲೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಅದೇ ಸಿನಿಮಾ ಮತ್ತೆ ಇತ್ತು. ಹಿಟ್ಟು ನಾದುವ ಹೊತ್ತಿಗೆ ಭಾವನ ಮನಸ್ಸು ಮೆತ್ತಗಾಗಿರುತ್ತದೆ ಎಂದು ಲೆಕ್ಕ ಹಾಕಿ, ಹುಡುಗನನ್ನು ಆಗಲೇ ಬರಲು ಹೇಳಿದೆವು. ಬಂದ, ಸಿಹಿಯ ಡಬ್ಬಿಯೊಂದಿಗೆ. ಮಗಳ ಸ್ನೇಹಿತ ಎಂದೆವು. ಭಾವ ಡಬ್ಬಿಯನ್ನು ತಿರುಗಿಸಿ ತಾರೀಖು ನೋಡಿದರು, ಆಮೇಲೆ ಹುಡುಗನನ್ನೂ ಹಾಗೆಯೇ ನೋಡಿದರು. ಪಕ್ಕದ ಕುರ್ಚಿ ತೋರಿಸಿದರು. ಜಾಹೀರಾತು ಬರುವವರೆಗೆ ಕಣ್ಣು ಟಿವಿಯ ಮೇಲೆಯೇ. ಬಂದ ಕೂಡಲೇ ತಿರುಗಿದರು.

“ಊರು ಯಾವುದು?”

“ಗೊತ್ತಿಲ್ಲ ಅಂಕಲ್.” ಸ್ನೇಹಾಳಿಂದ ಕಲಿತ ಕನ್ನಡ.

“ಅಪ್ಪ ಹೋಟೆಲಿನಲ್ಲಾ? ಯಾವ ಹೋಟೆಲ್?”

“ಗೊತ್ತಿಲ್ಲ.”

“ಯಾರ ಮನೆಯವರು?”

“ಆಶ್ರಮದಲ್ಲಿ ಬೆಳೆದದ್ದು ಅಂಕಲ್. ಅದರ ಹಿಂದಿನದು ನನಗೂ ಯಾರೂ ಹೇಳ್ಲಿಲ್ಲ. ಸ್ನೇಹಾ ಜೊತೆ ಶಾದಿ ಆಗ್ಬೇಕು ಅಂತ ಕೇಳ್ಲಿಕ್ಕೆ ಬಂದೆ.”

ಜಾಹೀರಾತು ಮುಗಿಯಿತು. ಪರದೆಯ ಮೇಲೆ ಮೇಯರ್ ಬಂದು ನಿಂತ, ನೀನು ಯಾರು, ಎಲ್ಲಿಯವನು ಎಂದ. ಈ ಸಲ ಭಾವ ಮೇಯರನನ್ನು ಬೈಯಲಿಲ್ಲ. ರಿಮೋಟು ಎತ್ತಿ ಟಿವಿ ಆರಿಸಿದರು. ಆ ಸಿನಿಮಾವನ್ನು ಅವರು ಅರ್ಧಕ್ಕೆ ನಿಲ್ಲಿಸಿದ್ದು ಅದೇ ಮೊದಲು.

“ನಡಿ, ಕೆಳಗೆ ಹೋಗುವ” ಎಂದು ಹುಡುಗನಿಗೆ ಹೇಳಿ ಚಪ್ಪಲಿ ಮೆಟ್ಟಿದರು.

ಬಾಗಿಲ ಮರೆಯಲ್ಲಿದ್ದ ಸ್ನೇಹಾ ಮುಖ ಮುಚ್ಚಿಕೊಂಡಳು. ಸ್ಟೇಷನ್ನಿನ ದಾರಿ ತೋರಿಸಿ ಬರುತ್ತಾರೆ, ಅಷ್ಟೇ, ಎಂದುಕೊಂಡೆ ನಾನೂ. ಜೊತೆಯಲ್ಲಿ ಲಿಫ್ಟ್ ಹತ್ತಿದೆ. ನನಗೆ ಭಾವನ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು.

ಗೇಟಿನ ಬಳಿ ಫ್ಲ್ಯಾಟಿನ ಸೊಸೈಟಿಯ, ನಮ್ಮವರೇ ಆದ ಚೇರ್ಮನ್ನರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತಿದ್ದರು. ಕುಂದಾಪುರದ ಕಡೆಯವರು. ಹೊಸ ಮುಖ ಕಂಡರೆ ಬಿಟ್ಟಾರೆಯೇ?

“ಯಾರಿದು? ಯಾವ ಊರು?” ಎಂದರು.

ಹುಡುಗ ನೆಲ ನೋಡಿದ. ಭಾವ ನಿಂತರು.

“ಉಡುಪಿ” ಎಂದರು ಭಾವ.

“ಹೌದಾ? ಯಾವ ಹೋಟೆಲ್?”

“ಕಲ್ಯಾಣ್ ಸ್ಟೇಷನ್ ಹತ್ರ. ನಾನು ಇದ್ದದ್ದೇ.”

ಚೇರ್ಮನ್ನರ ಹುಬ್ಬು ಗಂಟಾಯಿತು. “ಅಲ್ಲಿಯವರೆಲ್ಲ ನನಗೆ ಗೊತ್ತುಂಟಲ್ಲ. ಇವ ಯಾರ ಮನೆಯವ?”

ಭಾವ ಹುಡುಗನ ಹೆಗಲ ಮೇಲೆ ಕೈ ಇಟ್ಟರು.

“ನಮ್ಮ ಮನೆಯವ.”

ಹುಡುಗನಿಗೆ ಆ ಎರಡು ಪದಗಳಷ್ಟು ಕನ್ನಡವನ್ನು ಸ್ನೇಹಾ ಕಲಿಸಿರಬೇಕು, ತಲೆ ಎತ್ತಿ ಭಾವನನ್ನು ನೋಡಿದ, ನೋಡುತ್ತಲೇ ನಿಂತ.

“ಇನ್ನು ಯಾರು ಕೇಳಿದರೂ ಹೀಗೇ ಹೇಳು” ಎಂದರು ಭಾವ ಅವನಿಗೆ. ಆಮೇಲೆ ನನ್ನತ್ತ ತಿರುಗಿ, “ನೀನು ಎಂತ ನೋಡ್ತೀ? ಮೇಲೆ ಹೋಗಿ ಚಾ ಇಡ್ಲಿಕ್ಕೆ ಹೇಳು, ನಾವು ಬಂದೆವು. ಕಪ್ಪು ತುಂಬಿರಲಿ.”