ಜಗಲಿಯ ಮೇಲೆ ಸರ್ಕಾರದ ಕಣ್ಣು

ಸರ್ಕಾರದ ಸ್ಥಾನ ಬೀದಿ. ಹೊಸ್ತಿಲಿನಿಂದ ಈಚೆಗೆ ಮನೆಯವರ ಆಡಳಿತ. ಇದು ನನ್ನ ಅಚಲ ನಂಬಿಕೆ. ಆದರೂ ಅರಸೀಕೆರೆಯ ನಮ್ಮ ಬೀದಿಯಲ್ಲಿ ಸರ್ಕಾರವು ಏನಾದರೊಂದು ನೆಪ ಹಿಡಿದು ಹೊಸ್ತಿಲವರೆಗೆ ಬರುತ್ತಲೇ ಇರುತ್ತದೆ, ನಾನು ತಡೆಯುತ್ತಲೇ ಇರುತ್ತೇನೆ. ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಕಷ್ಟವಲ್ಲ. ಆದರೆ ಗೆಲುವು ಯಾವಾಗಲೂ ನನ್ನದಾಗಿಲ್ಲ.

೧. ಸಮೀಕ್ಷೆ

ಸಮೀಕ್ಷೆಗೆ ಬಂದ ಶಿಕ್ಷಕಿ ನನ್ನ ಹಳೆಯ ವಿದ್ಯಾರ್ಥಿನಿ. ಕುರ್ಚಿ ತೋರಿಸಿದರೂ ಕೂರಲಿಲ್ಲ; ನನ್ನೆದುರು ಕೂತು ಅಭ್ಯಾಸವಿಲ್ಲ. ಹೆಸರು, ವಯಸ್ಸು ಕೇಳಿದಳು, ಹೇಳಿದೆ. ಬಳಿಕ ಮನೆಯಲ್ಲಿ ಫ್ರಿಜ್ ಇದೆಯೇ, ಯಾರಿಗೆ ಯಾವ ಕಾಯಿಲೆ ಎಂದು ಮುಂದುವರಿದಳು. ನಾನು ಕೈ ಎತ್ತಿ ನಿಲ್ಲಿಸಿದೆ. ನಮ್ಮ ಕಾಯಿಲೆ ನಮ್ಮದು, ಅದನ್ನು ವಿಧಾನಸೌಧಕ್ಕೆ ವರದಿ ಮಾಡುವ ಅಗತ್ಯವಿಲ್ಲ ಎಂದು ಖಚಿತವಾಗಿ ತಿಳಿಸಿದೆ.

ಅವಳು ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: "ಪರವಾಗಿಲ್ಲ ಸಾರ್. ನಿಮಗೆ ಮಂಡಿನೋವು, ಮನೆಯವರಿಗೆ ಬಿಪಿ, ಫ್ರಿಜ್ ಇದೆ, ಬಾಗಿಲು ಸರಿಯಾಗಿ ಮುಚ್ಚಲ್ಲ. ಎದುರು ಮನೆ ಅಜ್ಜಿ ಆಗಲೇ ಹೇಳಿದ್ದಾರೆ."

ಎದುರು ಮನೆಯ ಅಜ್ಜಿ ಎಂದರೆ ಕೊಬ್ಬರಿ ವ್ಯಾಪಾರಿಯೊಬ್ಬರ ತಾಯಿ. ಆಕೆಯ ಕಿಟಕಿಯಿಂದ ನಮ್ಮ ಹಜಾರವೆಲ್ಲ ಕಾಣುತ್ತದೆ. ಇಂಥವರು ಬೀದಿಗೊಬ್ಬರಿರುವಾಗ ಸರ್ಕಾರ ಸಮೀಕ್ಷೆಗೆ ಏಕೆ ಖರ್ಚು ಮಾಡುತ್ತದೆಯೋ, ನನಗೆ ಇಂದಿಗೂ ಅರ್ಥವಾಗಿಲ್ಲ.

೨. ಕಂಬ

ನಾನು ಸಂಪ್ರದಾಯಸ್ಥ. ಶಿಸ್ತು, ಮನೆತನದ ಮರ್ಯಾದೆ, ಹಿರಿಯರ ನಡವಳಿಕೆ ಎನ್ನುವವರಿಗೇ ಮತ ಹಾಕುತ್ತ ಬಂದವನು. ನಮ್ಮ ವಾರ್ಡಿನ ನಗರಸಭಾ ಸದಸ್ಯರೂ ಅದೇ ಪಕ್ಷದವರು. ರಾಜ್ಯದಲ್ಲಿ ನಮ್ಮವರು ವಿರೋಧ ಪಕ್ಷದಲ್ಲಿದ್ದಾಗ, ಜನರ ಮನೆಯೊಳಗೆ ಇಣುಕುವ ಸರ್ಕಾರ ಬೇಡ ಎಂದು ಇವರು ಭಾಷಣ ಮಾಡಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ. ನಮ್ಮವರು ಅಧಿಕಾರಕ್ಕೆ ಬಂದರು. ಇಣುಕುವುದಕ್ಕೆ ಕಾಳಜಿ ಎಂಬ ಹೆಸರು ಬಂತು. ಸಂಸ್ಕೃತಿ ರಕ್ಷಣೆಗಾಗಿ ಬೀದಿಯ ಮೂಲೆಯ ಕಂಬಕ್ಕೆ ಕ್ಯಾಮೆರಾ ಬಂತು. ಅದರ ಮುಖ ನೇರವಾಗಿ ನಮ್ಮ ಜಗಲಿಗೆ.

ನನ್ನ ಹೆಂಡತಿ ಮದುವೆಯಾಗಿ ಬಂದಂದಿನಿಂದ ಶುಕ್ರವಾರ ತಲೆಗೆ ಎರೆದುಕೊಂಡು, ಆ ಜಗಲಿಯ ಬಿಸಿಲಿನಲ್ಲಿ ಕೂತು ಕೂದಲು ಒಣಗಿಸುತ್ತಾಳೆ. ವಾರದಲ್ಲಿ ಆಕೆ ಸುಮ್ಮನೆ ಕೂರುವುದು ಆ ಒಂದೇ ಹೊತ್ತು. ಕ್ಯಾಮೆರಾ ಬಂದ ಶುಕ್ರವಾರ ಆಕೆ ಹೊರಗೆ ಬರಲಿಲ್ಲ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಒಳಗೇ ಫ್ಯಾನಿನ ಕೆಳಗೆ ಕೂತಳು. ಮರುದಿನ ನೆಗಡಿ.

"ಸ್ಟೇಷನ್ನಿನಲ್ಲಿ ಯಾವನೋ ಟೀವಿ ಇಟ್ಟುಕೊಂಡು ನೋಡ್ತಿರ್ತಾನೆ. ನಾನು ತಲೆ ಬಿಚ್ಚಿ ಕೂರೋದಾ?" ಎಂದಳು.

ನಾನು ಸದಸ್ಯರ ಮನೆಗೆ ಹೋಗಿ, ಕ್ಯಾಮೆರಾ ವೃತ್ತದ ಕಡೆ ತಿರುಗಲಿ ಎಂದು ಆಗ್ರಹಿಸಿದೆ. ಅವರು ಕಾಫಿ ತರಿಸಿ ನಯವಾಗಿ ವಿವರಿಸಿದರು: "ಮೇಷ್ಟ್ರೇ, ತಪ್ಪು ಮಾಡದೆ ಇರೋರು ಹೆದರೋದ್ಯಾಕೆ?"

"ಹಾಗಿದ್ದರೆ ನಿಮ್ಮ ಮನೆಯ ಎದುರು ಏಕಿಲ್ಲ?"

"ನಮ್ಮನೆ ಎದುರು ಕಂಬ ಇಲ್ವಲ್ಲ ಮೇಷ್ಟ್ರೇ."

೩. ಹಳೇಬೀಡಿಗೆ ಒಂದು ಟಿಕೆಟ್ಟು

ಹೆಂಡತಿ ತನ್ನದೇ ಪರಿಹಾರ ಹುಡುಕಿಕೊಂಡಳು. ಹಳೇಬೀಡಿನಲ್ಲಿ ಆಕೆಯ ಅಕ್ಕನ ಮನೆಯಿದೆ. ಹಿತ್ತಲಿದೆ, ಬಿಸಿಲಿದೆ, ಕಂಬವಿಲ್ಲ. ಹೆಂಗಸರಿಗೆ ಬಸ್ಸೂ ಉಚಿತ. ತಲೆ ಒಣಗಿಸಲು ಜಾವಗಲ್ ದಾಟಿ ಪರವೂರಿಗೆ ಹೋಗುವ ಗೃಹಿಣಿ ಜಿಲ್ಲೆಯಲ್ಲಿ ಬೇರೊಬ್ಬರಿರಲಾರರು. ಕಾವಲಿಗೆ ನಾನೂ ಹೊರಟೆ. ನನಗೆ ಪೂರ್ಣ ದರ.

ಕಂಡಕ್ಟರು ಗುರುತಿನ ಚೀಟಿ ಕೇಳಿದ. ಕೊಟ್ಟಳು. ಅವನು ಚೀಟಿ ನೋಡಿದ, ಇವಳನ್ನು ನೋಡಿದ, ಮತ್ತೆ ಚೀಟಿ ನೋಡಿದ.

"ಅಜ್ಜಿ, ಇದು ನೀವೇನಾ?"

"ನಾನೇ ಕಣಪ್ಪ. ಫೋಟೊ ತೆಗೆದವನು ನಗಬೇಡಿ ಅಂದಿದ್ದ."

ಹಾಗೆಂದವಳೇ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು, ಹುಬ್ಬು ಗಂಟಿಕ್ಕಿ ಕಂಡಕ್ಟರನನ್ನು ದುರುಗುಟ್ಟಿ ನೋಡಿದಳು.

"ಹಾಂ, ಈಗ ಸರಿಹೋಯ್ತು," ಎಂದು ಅವನು ಟಿಕೆಟ್ ಹರಿದ.

ಇಳಿಯುವವರೆಗೂ ಆಕೆ ಆ ಮುಖ ಸಡಿಲಿಸಲಿಲ್ಲ. ತಪಾಸಣೆಯವರು ಹತ್ತಿದರೆ ಬೇಕಾಗುತ್ತದೆ ಎಂಬುದು ಆಕೆಯ ವಾದ.

೪. ಮೀಸೆಯ ಮನುಷ್ಯ

ಪ್ರತಿ ಶುಕ್ರವಾರ ಹಳೇಬೀಡಿಗೆ ಹೋಗುವುದು ನಡೆಯುವ ಮಾತಲ್ಲ. ನಾನು ಮತ್ತೆ ಮತ್ತೆ ಮನವಿ ಕೊಟ್ಟೆ, ಉತ್ತರ ಬರಲಿಲ್ಲ. ಪರಿಸ್ಥಿತಿ ಹೀಗಿರುವಾಗ ಎದುರು ಮನೆಯ ಅಜ್ಜಿಯ ಹಸು ಹಾಲು ಕಡಿಮೆ ಮಾಡಿತು. ಮೊಮ್ಮಗು ಊಟ ಬಿಟ್ಟಿತು. ಅಜ್ಜಿ ಕಂಬದ ಕಡೆ ಬೆರಳು ತೋರಿಸಿ ತೀರ್ಪು ಕೊಟ್ಟರು: "ಹಗಲೂ ರಾತ್ರಿ ರೆಪ್ಪೆ ಹೊಡೀದೆ ನೋಡ್ತೈತೆ ಮೇಷ್ಟ್ರೇ. ದೃಷ್ಟಿ ಆಗದೆ ಇನ್ನೇನಾಯ್ತದೆ?"

ಆಕೆ ಬೇಲೂರಿನ ಪೇಟೆಯಿಂದ ದೃಷ್ಟಿಗೊಂಬೆ ತರಿಸಿದರು. ಹೊಸ ಮನೆ ಕಟ್ಟುವಾಗ ಮುಂದೆ ಕಟ್ಟುತ್ತಾರಲ್ಲ, ಅದೇ: ಗುಡ್ಡೆಗಣ್ಣು, ಹೊರಚಾಚಿದ ನಾಲಗೆ, ಒಂದು ಕಿವಿಯಿಂದ ಇನ್ನೊಂದಕ್ಕೆ ಮೀಸೆ. ಮಗನ ಕೊಬ್ಬರಿ ಅಂಗಡಿಯ ಆಳು ಏಣಿ ಹತ್ತಿ ಅದನ್ನು ಕ್ಯಾಮೆರಾದ ಮೂತಿಯೆದುರು ಕಟ್ಟಿ ಇಳಿದ.

ಎರಡು ದಿನ ಶಾಂತಿ. ಮೂರನೆಯ ದಿನ ಪೊಲೀಸ್ ಪೇದೆಯೊಬ್ಬ ನಮ್ಮ ಮನೆಗೆ ಬಂದ. ಆ ಕ್ಯಾಮೆರಾದ ಯಂತ್ರಕ್ಕೆ ಮನುಷ್ಯರ ಮುಖ ಗುರುತಿಸುವ ವಿದ್ಯೆಯಿದೆಯಂತೆ. ಅಪರಿಚಿತನೊಬ್ಬ ಒಂದೇ ಜಾಗದಲ್ಲಿ ನಿಂತು ಕದಲುತ್ತಿಲ್ಲ, ರಾತ್ರಿಯೂ ಮನೆಗೆ ಹೋಗುತ್ತಿಲ್ಲ ಎಂದು ಅದು ಹಾಸನಕ್ಕೆ ಎಚ್ಚರಿಕೆ ಕಳಿಸಿತ್ತಂತೆ. ಪೇದೆ ನನ್ನನ್ನು ಬೀದಿಯ ಮೂಲೆಗೆ ಕರೆದೊಯ್ದು, ಕಂಬಕ್ಕೆ ಒರಗಿ ನಿಂತು ಮೊಬೈಲ್ ಚಾಚಿದ.

"ಸಾರ್, ಈ ವ್ಯಕ್ತಿನ ನೋಡಿದ್ದೀರಾ?"

ಪ್ರಶ್ನೆಗೆ ತಕ್ಕಷ್ಟೇ ಉತ್ತರ ಕೊಡುವುದು ನನ್ನ ಅಭ್ಯಾಸ. "ನೋಡಿದ್ದೇನೆ."

"ಎಲ್ಲಿರ್ತಾನೆ?"

"ನಿಮ್ಮ ತಲೆಯ ಮೇಲೆ."

ಅವನು ತಲೆ ಎತ್ತಿದ. ಅವನೂ ಗೊಂಬೆಯೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಳಿಕ ಪೇದೆ ಏಣಿ ಕೇಳಿದ. ಅಜ್ಜಿ ಕಿಟಕಿಯಿಂದಲೇ ತಿಳಿಸಿದರು: "ಬಿಚ್ಚಪ್ಪಾ, ಬಿಚ್ಚು. ಬೀದಿ ದೃಷ್ಟಿನೆಲ್ಲಾ ಅದು ಹೀರ್ಕೊಂಡೈತೆ. ಬಿಚ್ಚಿದೋರಿಗೆ ಬತ್ತದೆ, ಅಷ್ಟೆ."

ಪೇದೆ ಏಣಿಯಿಂದ ಕೈ ತೆಗೆದ. ಇದು ನಗರಸಭೆಗೆ ಸೇರಿದ ಕಂಬ ಎಂದು ಆಗ ಅವನಿಗೆ ನೆನಪಾಯಿತು. ನಗರಸಭೆಯವರು ಬಂದರು, ಇದು ಪೊಲೀಸರ ಕ್ಯಾಮೆರಾ ಎಂದರು. ಕೊನೆಗೆ ಸದಸ್ಯರೇ ಬಂದರು. ನಾನು ಜಗಲಿಯಲ್ಲಿ ಎದ್ದು ನಿಂತು, ಹಿರಿಯರ ಆಚಾರಕ್ಕೆ ಕೈ ಹಾಕಲು ಬಿಡೆ ಎಂಬ ಅವರ ಭಾಷಣದ ಸಾಲನ್ನು ಅವರಿಗೆ ನೆನಪಿಸಿದೆ. ನೆರೆದವರಲ್ಲಿ ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಸದಸ್ಯರು ಮೇಲೆ ನೋಡಿದರು, ಬೆವರು ಒರೆಸಿಕೊಂಡರು, ತೀರ್ಮಾನ ಹೇಳಿದರು: ಗೊಂಬೆ ಇದ್ದಲ್ಲೇ ಇರಲಿ, ಕ್ಯಾಮೆರಾ ವೃತ್ತದ ಕಡೆ ತಿರುಗಲಿ.

ತಿರುಗಿತು. ಶುಕ್ರವಾರ ಬಂತು. ಹೆಂಡತಿ ಸೀಗೆಪುಡಿ ಹಾಕಿ ತಲೆಗೆ ಎರೆದುಕೊಂಡು ಜಗಲಿಗೆ ಬಂದು, ಕೂದಲು ಹರವಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತ ನನಗೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ಅಷ್ಟು ನೆಮ್ಮದಿ.

ಆಗ ಸದಸ್ಯರು ಮತ್ತೆ ಬಂದರು. ಈ ಸಲ ಹಿಂಬಾಲಕರಿರಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ, ತಿರುಗಿದ ಕ್ಯಾಮೆರಾಕ್ಕೆ ಈಗ ತಮ್ಮ ಮನೆಯ ಮಹಡಿ ಕಾಣುತ್ತಿದೆ, ಮನೆಯವರು ಮೇಲೆ ಹಪ್ಪಳ ಹಾಕುವುದನ್ನೇ ನಿಲ್ಲಿಸಿದ್ದಾರೆ ಎಂದರು. ತಪ್ಪು ಮಾಡದವರು ಹೆದರಬೇಕಾಗಿಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅತಿಥಿ ಎಂದು ನುಂಗಿಕೊಂಡೆ. ಅವರು ನನ್ನನ್ನು ಕೇಳಲು ಬಂದದ್ದು ಒಂದೇ ಪ್ರಶ್ನೆ.

"ಮೇಷ್ಟ್ರೇ, ಬೇಲೂರಲ್ಲಿ ಆ ಗೊಂಬೆ ಯಾವ ಅಂಗಡೀಲಿ ಸಿಗುತ್ತೆ?"

ನನಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಹೆಂಡತಿ. ಕೂದಲು ಕೊಡವಿ ಹಿಂದಕ್ಕೆ ಹಾಕಿಕೊಂಡು, ಗುರುತಿನ ಚೀಟಿಯ ಮುಖ ಮಾಡಿಕೊಂಡು ಹೇಳಿದಳು:

"ಯಾವ ಅಂಗಡಿಯಾದರೂ ಸರಿ. ಮೀಸೆ ದಪ್ಪ ಇರೋದು ತಗೊಳ್ಳಿ. ಸರ್ಕಾರಕ್ಕೆ ಬೇಗ ಗುರುತು ಸಿಗುತ್ತೆ."