ಲೋಷನ್ ಹಚ್ಚಿದ ಕೊಬ್ಬರಿ

ಎಣ್ಣೆ ಮುಖದವನಿಗೆ ಈ ಲೋಕ ಧಾರಾಳವಾಗಿ ಕೊಡುವುದು ಸಲಹೆಯೊಂದನ್ನೇ. ಬೋಳುತಲೆಯವನನ್ನು ಕಂಡರೆ ಜನ ಸುಮ್ಮನಿರುತ್ತಾರೆ, ಹೊಟ್ಟೆ ಬಂದವನನ್ನು ಕಂಡರೆ ಹೆಚ್ಚೆಂದರೆ ಮುಗುಳ್ನಗುತ್ತಾರೆ. ನನ್ನನ್ನು ಕಂಡರೆ ಮಾತ್ರ, "ಕಡ್ಲೆಹಿಟ್ಟು ಹಚ್ಚಿ ನೋಡಿದ್ರಾ ಮೇಷ್ಟ್ರೇ?" ಅನ್ನುತ್ತಾರೆ. ನೋಡಿದ್ದೇನೆ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಕಿತ್ತಳೆ ಸಿಪ್ಪೆಯ ಪುಡಿ, ಬೇವಿನ ಸೋಪು, ಟ್ಯೂಬಿನಲ್ಲಿ ಬರುವ ಫೇಸ್‌ವಾಷು, ಹೀಗೆ ತಿಪಟೂರಿನ ಅಂಗಡಿಗಳಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗುವ ಯಾವುದನ್ನೂ ನಾನು ಬಿಟ್ಟಿಲ್ಲ. ಎಣ್ಣೆಯೂ ನನ್ನ ಮುಖವನ್ನು ಬಿಟ್ಟಿಲ್ಲ. ನಲವತ್ತೆಂಟು ವರ್ಷದ ಹೈಸ್ಕೂಲು ಮೇಷ್ಟ್ರಿಗೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮುಖ ನನ್ನದು.

ಈ ಧೈರ್ಯ ಈಚಿನದು. ನಮ್ಮ ಕಡೆ ಗಂಡಸು ಮುಖಕ್ಕೆ ಕಡಲೆಹಿಟ್ಟು ಹಚ್ಚಿದರೆ ಔಷಧ, ಸೀಸೆಯಲ್ಲಿ ಬಂದದ್ದನ್ನು ಹಚ್ಚಿದರೆ ಶೋಕಿ. ಹಾಗಾಗಿ ಮೂರು ವರ್ಷ ನಾನು ಲೋಷನ್ ಹಚ್ಚುತ್ತಿದ್ದುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಹೆಂಡತಿ ಗಿರಿಜ, ಇನ್ನೊಬ್ಬ ಮೆಡಿಕಲ್ ಸ್ಟೋರಿನ ನಯಾಜ್, ನನ್ನ ಹಳೆಯ ಶಿಷ್ಯ. ನನ್ನ ಕಷ್ಟ ಕೇಳಿ ಅವನು, "ದಿನಕ್ಕೆ ಎಂಟು ಸಲ ಸೋಪು ಹಾಕಿದ್ರೆ ಚರ್ಮ ಹೆದ್ರಿಕೊಂಡು ಇನ್ನೂ ಎಣ್ಣೆ ಬುಡುತ್ತೆ ಸಾರ್. ಎರಡು ಸಲ ತೊಳೀರಿ ಸಾಕು. ಈ ಸೀಸೆ ಕುಲುಕಿ ಹಚ್ಚಿ, ಆಮೇಲೆ ಮುಖ ಮುಟ್ಟಬೇಡಿ" ಎಂದಿದ್ದ. ತಿಳಿಗುಲಾಬಿ ಬಣ್ಣದ ನೀರು, ಒಣಗಿದರೆ ಬಿಳಿಚಿಕೊಂಡ ಪುಡಿ. ಮೊದಲೆರಡು ಮಾತು ಪಾಲಿಸಿದೆ. ಮೂರನೆಯದು ನನ್ನ ಕೈಲಾಗಲಿಲ್ಲ. ಚಿಂತೆ ಮಾಡುವವನ ಕೈ ಎಲ್ಲಿಗೆ ಹೋಗಬೇಕು, ಹೇಳಿ? ನನ್ನದು ಕೆನ್ನೆಗೆ ಹೋಗುತ್ತದೆ. ಎಣ್ಣೆ ಬಂತೇನೋ ಎಂದು ಮುಟ್ಟುತ್ತೇನೆ, ಮುಟ್ಟಿದ್ದರಿಂದ ಬಂತೇನೋ ಎಂದು ಮತ್ತೆ ಮುಟ್ಟುತ್ತೇನೆ. "ಸುಣ್ಣ ಹೊಡೆದ ಗೋಡೆಗೆ ಕೆನ್ನೆ ಕೊಟ್ಟು ಮಲಗೆದ್ದಂಗೆ ಕಾಣ್ತೀರ ಕಣ್ರೀ" ಎಂದು ಗಿರಿಜ ಹೇಳಿಯೂ ಆಗಿತ್ತು.

ಬಿಳಿಗೆರೆಯಲ್ಲಿ ನಮ್ಮಪ್ಪ ಬಿಟ್ಟುಹೋದ ಚಿಕ್ಕ ತೋಟವಿದೆ. ಅಲ್ಲಿನ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಮಲಗಿ, ಒಳಗೇ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಂಡಿಗೆ ಬರುತ್ತದೆ. ಮಂಡಿಯ ಶಿವಣ್ಣನವರು ಅಪ್ಪನ ಕಾಲದಿಂದ ನಮ್ಮ ಮಾಲು ಮಾರಿಸಿಕೊಡುವವರು. "ಅವರ ಮನೆ ಕೊಬ್ಬರಿಯಲ್ಲಿ ಒಂದು ಬೂಷ್ಟು ತೋರಿಸ್ರಪ್ಪ" ಎಂದು ಅವರು ಬಂದವರಿಗೆಲ್ಲ ಸವಾಲು ಹಾಕುವುದನ್ನು ನಾನು ಹುಡುಗನಾಗಿದ್ದಾಗಲೇ ಕೇಳಿದ್ದೆ. ಅಪ್ಪನಿಂದ ನನಗೆ ಬಂದದ್ದು ಆ ತೋಟ, ಆ ಹೆಸರು, ಮತ್ತು ಈ ಮುಖ. ಮಾಲು ಕಳಿಸುವ ದಿನ ಚೀಲದ ಬಾಯಲ್ಲಿ ಒಳ್ಳೊಳ್ಳೆಯ ಉಂಡೆಗಳನ್ನು ಮನೆಯವನೇ ಕೈಯಾರೆ ಜೋಡಿಸಬೇಕು, ಅಪ್ಪನ ಪದ್ಧತಿ. ಈ ಸಲ ಆ ದಿನ ಬೆಳಿಗ್ಗೆ ಲೋಷನ್ ಹಚ್ಚಿಕೊಂಡು, ಅದು ಅಳಿಸದಿರಲೆಂದು ಕನ್ನಡಕ ತೆಗೆದಿಟ್ಟು, ಐದು ಚೀಲಗಳ ಮುಂದೆ ಕೂತೆ. ಈ ಉಂಡೆ ಸಣ್ಣದಾಯಿತೇನೋ, ಕೈ ಕೆನ್ನೆಗೆ. ಇದು ಸೀಳಿದೆಯೇನೋ, ಕೈ ಕೆನ್ನೆಗೆ. ಕೆನ್ನೆಯಿಂದ ಮತ್ತೆ ಕೊಬ್ಬರಿಗೆ.

ಚೀಲಗಳ ಜೊತೆ ನಾನೂ ಮಂಡಿಗೆ ಹೋದೆ. ಅಲ್ಲಿ ಖರೀದಿಗೆ ಬಂದ ವ್ಯಾಪಾರಿ ಒಂದು ಉಂಡೆ ಎತ್ತಿ ಬೆಳಕಿಗೆ ಹಿಡಿದರು.

"ಶಿವಣ್ಣಾರೆ, ಬೂಷ್ಟು ಹಿಡಿದೈತಲ್ರೀ."

"ಯಾರ್ದು, ಮೇಷ್ಟ್ರದಾ? ಸಾಧ್ಯವೇ ಇಲ್ಲ ಬುಡಿ."

"ನೀವೇ ನೋಡಿ. ಐದು ಚೀಲದಲ್ಲೂ ಐತೆ. ನನ್ನ ಸರ್ವೀಸಲ್ಲಿ ಬೂಷ್ಟು ಹಿಂಗೆ ಬೆರಳು ಬೆರಳಾಗಿ ಬಂದಿದ್ದು ಕಂಡಿಲ್ಲ. ಯಾವುದೋ ಹೊಸಾ ಜಾತೀದು. ಕೌಟಿನ ಜೊತೆ ಹಾಕ್ಸಿ."

ಕೌಟು ಎಂದರೆ ಕೆಟ್ಟ ಕೊಬ್ಬರಿ, ಮೂಲೆಯ ರಾಶಿ. ಶಿವಣ್ಣನವರು ಆ ಉಂಡೆಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ಅಟ್ಟ ಸೋರ್ತಾ?"

ಹೂಂ ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಅಪ್ಪನ ಹೆಸರು ಮೂಲೆಯ ರಾಶಿಗೆ ಹೋಗುತ್ತಿತ್ತು, ನನ್ನ ಗುಟ್ಟು ಉಳಿಯುತ್ತಿತ್ತು. ಅಲ್ಲಿ ನೆರೆದಿದ್ದವರಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳ ಅಪ್ಪಂದಿರು. ಕೈ ತಾನಾಗಿ ಕೆನ್ನೆಗೆ ಹೋಯಿತು. ಬಂದದ್ದು ಬರಲಿ ಎಂದುಕೊಂಡು ಚೀಲದ ಆಳಕ್ಕೆ ಇನ್ನೊಂದು ಕೈ ಹಾಕಿ, ನಾನು ಮುಟ್ಟಿರದ ಒಂದು ಉಂಡೆ ತೆಗೆದೆ. ಎಲ್ಲರ ಕಣ್ಣೆದುರಿಗೇ ಬೆರಳುಗಳನ್ನು ಕೆನ್ನೆಗೆ ಚೆನ್ನಾಗಿ ಉಜ್ಜಿ ಅದರ ಮೇಲೆ ಒತ್ತಿದೆ. ಅದೇ ಹೊಸ ಜಾತಿಯ ಬೂಷ್ಟು.

"ಇದು ಲೋಷನ್ನು ಕಣ್ರೀ. ನನ್ನದು ಎಣ್ಣೆ ಮುಖ, ಹಚ್ಕೋತೀನಿ. ಮೂರು ವರ್ಷದಿಂದ ಹಚ್ತಿದ್ದೀನಿ, ನಾಳೇನೂ ಹಚ್ತೀನಿ. ಯಾರಿಗಾದ್ರೂ ತಕರಾರಿದ್ರೆ ಈಗ್ಲೇ ಹೇಳಿ. ಕೊಬ್ಬರಿ ಸುದ್ದಿಗೆ ಮಾತ್ರ ಬರಬೇಡಿ."

ತಕರಾರು ಯಾರೂ ಎತ್ತಲಿಲ್ಲ. ಚೀಲದ ಮೇಲೆ ಕೂತಿದ್ದ ಹಮಾಲಿಯೊಬ್ಬ ಟವೆಲನ್ನು ಬಾಯಿಗೆ ತುರುಕಿಕೊಂಡು ಅಲ್ಲಾಡಿದ, ಅಷ್ಟೆ. ವ್ಯಾಪಾರಿ ಉಂಡೆಯನ್ನು ಒರೆಸಿದರು, ಗುರುತು ಹೋಯಿತು. ಒಡೆದರು; ಒಳಗೆ ಅಪ್ಪಟ ಬಿಳಿ. "ಮಾಲು ಏನೂ ಮೋಸ ಇಲ್ಲ" ಎಂದರು. ಶಿವಣ್ಣನವರು ಮೀಸೆ ಸವರಿಕೊಂಡರು. ಆಮೇಲೆ ವ್ಯಾಪಾರಿ ನನ್ನ ಹತ್ತಿರ ಬಂದು, ಕೊಬ್ಬರಿಯನ್ನು ನೋಡಿದ ಹಾಗೇ ಕತ್ತು ಓರೆ ಮಾಡಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ಮೂರು ವರ್ಷ ಅಂದ್ರಾ?"

"ಹೌದು."

"ಎಣ್ಣೆ ಅಂಶ ಏನೂ ಕಮ್ಮಿ ಆಗಿಲ್ಲ ಬುಡಿ."

ಇಡೀ ಜೀವಮಾನ ಎಣ್ಣೆ ಅಂಶವನ್ನೇ ಅಳೆದವರು. ಅವರ ಮುಂದೆ ನಾನೇನು ವಾದ ಮಾಡಲಿ? ಆದರೂ ಅಂದು ಸಂಜೆಯೇ ಹೋಗಿ ದೊಡ್ಡ ಸೀಸೆ ಕೊಂಡೆ. ನಯಾಜ್ ಪೇಪರು ಸುತ್ತಲು ಹೋದಾಗ ಬೇಡವೆಂದೆ. ಲೇಬಲ್ಲು ಎಲ್ಲರಿಗೂ ಕಾಣುವಂತೆ ಹಿಡಿದು, ಪೇಟೆಯ ನಡುವೆ ಎದೆಯೆತ್ತಿ ನಡೆದೆ. ಯಾರಾದರೂ ಕೇಳಲಿ, ಮಂಡಿಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಬಿಡೋಣ ಎಂದು ಕಾದೆ. ಬಸ್‌ಸ್ಟ್ಯಾಂಡಿನ ಹತ್ತಿರ, ಆ ತಿಂಗಳಷ್ಟೇ ನಮ್ಮ ಸ್ಕೂಲಿಗೆ ವರ್ಗವಾಗಿ ಬಂದಿದ್ದ ಹೆಡ್‌ಮಾಸ್ಟರು ಎದುರಾದರು. ಸೀಸೆಯ ಮೇಲೆ ಕಣ್ಣಾಡಿಸಿ, "ಏನ್ರೀ, ಮಗಳಿಗಾ?" ಎಂದರು.

"ಹೂಂ ಸಾರ್" ಎಂದೆ.

ನನಗಿರುವ ಇಬ್ಬರೂ ಗಂಡುಮಕ್ಕಳು.